ಸೀನಿದ ಕಪಾಟು

ಮಕ್ಕಳನ್ನು ನೋಡಿಕೊಳ್ಳುವುದು ಒಂದು ವ್ಯಾಪಾರ. ಇದು ತಿಳಿಯದವರು ಕೂಗಾಡುತ್ತಾರೆ, ಬೆತ್ತ ಹುಡುಕುತ್ತಾರೆ, ಕೊನೆಗೆ ತಲೆನೋವಿನ ಮಾತ್ರೆ ನುಂಗಿ ಮಲಗುತ್ತಾರೆ. ನಾನು ಹಳೇ ಪೀಠೋಪಕರಣದ ವ್ಯಾಪಾರಿ. ಕುಂಟು ಕುರ್ಚಿಯನ್ನು 'ಕೂತವರಿಗೆ ನಿದ್ದೆ ಬಾರದ ಕುರ್ಚಿ' ಎಂದು ಒಬ್ಬ ಮೇಷ್ಟರಿಗೆ ಮಾರಿದವನು. ಇಂಥ ನಾನು ನನ್ನವರೇ ಆದ ಇಬ್ಬರು ಹುಡುಗರನ್ನು ಒಂದು ಮಧ್ಯಾಹ್ನ ಸುಮ್ಮನಿರಿಸಲಾರೆನೇ?

ಎಲೆ ಉದುರುವ ಕಾಲದ ರಜೆ ಶುರುವಾದ ದಿನ ಹೆಂಡತಿಗೆ ಹೇಳಿದೆ: "ನೀನು ನಿಶ್ಚಿಂತೆಯಾಗಿ ಹೋಗು. ಸಂಜೆ ಬಂದಾಗ ಮನೆ ಗ್ರಂಥಾಲಯದ ಹಾಗಿರುತ್ತೆ."

ಅವಳು ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ಯಾವುದನ್ನು ನುಂಗಿದರೂ ಅಡ್ಡ ಪರಿಣಾಮ ಇದ್ದೇ ಇರುತ್ತದೆಂದು ಬಲ್ಲವಳು. ಚಪ್ಪಲಿ ಮೆಟ್ಟುತ್ತಾ ಅಂದಳು, "ರೀ, ಅವರು ಸದ್ದು ಮಾಡ್ತಿದ್ರೆ ನೀವು ಆರಾಮಾಗಿರಿ. ಸದ್ದು ನಿಂತ್ರೆ ಮಾತ್ರ ಎದ್ದು ಹುಡುಕಿ."

ಕೆಳಗೆ ಅಂಗಡಿ, ಮೇಲೆ ಮನೆ. ನಮ್ಮ ದೊಡ್ಡವನನ್ನು ಬೀದಿಯವರು ಗುಡುಗು ಅನ್ನುತ್ತಾರೆ, ಚಿಕ್ಕವನನ್ನು ಪೀಪಿ. ಹೆಸರು ಬಂದ ಕಾರಣ ವಿವರಿಸಬೇಕಿಲ್ಲ. ಅಂದು ಬೀದಿಯ ಕೊನೆಯ ಟೈಲರ್ ಕಪಾಟು ನೋಡಲು ಬರುವವನಿದ್ದ. ವರ್ಷದಿಂದ ಗೋಡೆಗೊರಗಿ ನಿಂತ ಮಾಲು. ಈ ಇಬ್ಬರ ಗದ್ದಲದಲ್ಲಿ ಗಿರಾಕಿ ಓಡಿಹೋದರೆ ಅದು ನನ್ನ ಜೊತೆಗೇ ಮುದಿಯಾಗುತ್ತಿತ್ತು. ಇಬ್ಬರನ್ನೂ ಕರೆದು ಕೂರಿಸಿದೆ.

"ಅಮ್ಮ ಬರೋವರೆಗೂ ನಿಮ್ಮ ಬಾಯಿಂದ ಒಂದು ಮಾತು ಬರಬಾರದು. ನನ್ನ ಕಣ್ಣಿಗೂ ಬೀಳಬಾರದು. ಬದಲಿಗೆ ಏನು ಬೇಕು, ಕೇಳಿ."

"ಸ್ಪ್ರಿಂಗ್ ಮಂಚ," ಅಂದ ಗುಡುಗು. "ರಜೆ ಮುಗಿಯೋ ತನಕ ಅದರ ಮೇಲೆ ಕುಣೀಬೇಕು."

"ಬೂಟು ಹಾಕ್ಕೊಂಡು," ಅಂದ ಪೀಪಿ.

"ಬರಿಗಾಲಲ್ಲಿ. ಇನ್ನೊಂದು ಷರತ್ತು. ನಾನೇ ಕರೆದ್ರೂ ಓಗೊಡಬಾರದು. ಓಗೊಟ್ರೆ ಮಂಚ ಇಲ್ಲ."

ಸಂಜೆಗೆ ಸ್ವಲ್ಪ ಮೊದಲು "ಬನ್ರೋ, ತಿಂಡಿ!" ಎಂದು ಕೂಗಿ, ಅವರು "ಬಂದೆ!" ಅಂದ ಕೂಡಲೇ ಮಂಚ ಉಳಿಸಿಕೊಳ್ಳುವ ಹಂಚಿಕೆ ಅದು. ವ್ಯಾಪಾರಿಗೆ ಹೆತ್ತ ಮಕ್ಕಳೂ ಎದುರು ಪಾರ್ಟಿಯೇ. ಪೀಪಿ ಪೆನ್ನು ತೆಗೆದು ಮಣಿಕಟ್ಟಿನ ಮೇಲೆ ಒಂದು ಗಡಿಯಾರ ಬರೆದುಕೊಂಡ. ಮುಳ್ಳುಗಳನ್ನು ಅಮ್ಮ ಬರುವ ಹೊತ್ತಿಗೆ ತಿರುಗಿಸಿ ನಿಲ್ಲಿಸಿದ. ಇಬ್ಬರೂ ತುಟಿ ಬಿಗಿದುಕೊಂಡು ಮಾಯವಾದರು.

ಇನ್ನು ಕಪಾಟಿನ ವಿಷಯ. ಮುಂದಿನಿಂದ ಅದು ಅರಮನೆಯ ವಸ್ತು. ಹಿಂದಿನಿಂದ ಅದು ವಸ್ತುವೇ ಅಲ್ಲ; ಬೆನ್ನಿನ ಹಲಗೆಗಳು ಎಂದೋ ಬಿದ್ದುಹೋಗಿದ್ದವು. ಅಲ್ಲಿ ಒಂದು ಕಂಬಳಿಯನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದೆ. ಗೀರು ಬೀಳದಿರಲೆಂದು ಹಿಂಬದಿಗೆ ಕಂಬಳಿ ಹೊದಿಸುವುದು ನಮ್ಮ ಅಂಗಡಿಯ ಪದ್ಧತಿ. ಗೀರು ಬೀಳುವುದು ಮುಂಬದಿಗಲ್ಲವೇ ಎಂದು ಇಂದಿನವರೆಗೆ ಯಾವ ಗಿರಾಕಿಯೂ ಕೇಳಿಲ್ಲ.

ಟೈಲರ್ ಬಂದ. ಕಪಾಟಿನ ಬಾಗಿಲು ಎಳೆದ. ಬೀಗ ಜಪ್ಪಯ್ಯ ಅನ್ನಲಿಲ್ಲ.

"ಎಣ್ಣೆ ಬಿಟ್ಟಿದ್ದೀನಿ, ನಾಳೆ ತೆರೀರಿ," ಅಂದೆ. "ಇವತ್ತೇ ತೆರೆದ್ರೆ ಬೀಗದ ಆಯುಸ್ಸು ಕಮ್ಮಿ."

ಆತ ಮರುಮಾತಿಲ್ಲದೆ ಒಪ್ಪಿದ. ಅಂಗಡಿ ಅಷ್ಟು ಶಾಂತವಾಗಿತ್ತು. ಕೈಗಾಡಿಯವನು ತಮ್ಮನ ಜೊತೆ ಬಂದು ಕಪಾಟಿಗೆ ಹೆಗಲು ಕೊಟ್ಟು, ಮುಖ ಕೆಂಪಗೆ ಮಾಡಿಕೊಂಡ.

"ಯಜಮಾನ್ರೇ, ಬೆಳಿಗ್ಗೆ ಸರಿಸಿದಾಗ ಇಷ್ಟು ಭಾರ ಇರಲಿಲ್ವಲ್ಲ."

"ಹಳೇ ಕಾಲದ ಮರ ಕಣಯ್ಯಾ," ಟೈಲರ್‌ಗೆ ಕೇಳುವಂತೆ ಅಂದೆ. "ಹೊತ್ತು ಏರಿದ ಹಾಗೆ ತೂಕ ಏರುತ್ತೆ."

ಕಪಾಟು ಹೋಯಿತು. ನಾನು ಗಲ್ಲಾಪೆಟ್ಟಿಗೆ ಮುಚ್ಚಿ ಕಾಲು ಚಾಚಿದೆ. ಆಗ ಆ ಮೌನ ಕಿವಿಗೆ ಬಿತ್ತು.

ಮೊದಮೊದಲು ಹಿತವಾಗಿತ್ತು. ಆಮೇಲೆ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಬಾಗಿಲ ಸಂದಿಯಿಂದ ಒಣಗಿದ ಎಲೆಯೊಂದು ನುಸುಳಿ, ಯಾರೋ ಬೆರಳುಗುರಿನಿಂದ ಗೀರಿದ ಹಾಗೆ ನೆಲದ ಮೇಲೆ ಹರಿದು ಬಂತು. ತೂಗುಕುರ್ಚಿ ತಾನಾಗಿ ಒಮ್ಮೆ ತೂಗಿ ನಿಂತಿತು. ಗಾಳಿ, ಅಂದುಕೊಂಡೆ. ಕಿಟಕಿ ನೋಡಿದೆ. ಮುಚ್ಚಿತ್ತು.

"ಬನ್ರೋ, ತಿಂಡಿ!" ಎಂದು ಕೂಗಿದೆ.

ಉತ್ತರವಿಲ್ಲ. ಭಲೇ, ಜಾಣರು. ಮೇಲೆ ಹತ್ತಿದೆ. ಅಡುಗೆಮನೆಯಲ್ಲಿ ಅರ್ಧ ಕುಡಿದ ಎರಡು ಲೋಟ ಹಾಲು, ಕೆನೆಗಟ್ಟಿ ತಣ್ಣಗಾಗಿತ್ತು. ಮಂಚದಡಿ ಬಗ್ಗಿದೆ. ಒಂದೇ ಒಂದು ಕಾಲುಚೀಲ. ಬಚ್ಚಲ ಬಾಗಿಲು ತಳ್ಳಿದೆ. ಕನ್ನಡಿಯಲ್ಲಿ ಬಿಳಿಚಿಕೊಂಡ ಮುಖವೊಂದು ನನ್ನನ್ನೇ ನೋಡುತ್ತಿತ್ತು. ಹೌಹಾರಿದೆ. ನನ್ನದೇ.

"ಆಟ ಮುಗೀತು. ಮಂಚ ನಿಮ್ಮದೇ. ಬನ್ನಿ ಈಚೆಗೆ."

ಮನೆ ಉಸಿರು ಬಿಗಿಹಿಡಿದ ಹಾಗಿತ್ತು. ಹಿತ್ತಲಿಗೆ ಓಡಿದೆ, ಬೀದಿಗೆ ಓಡಿದೆ. ಬೀದಿಯುದ್ದಕ್ಕೂ ಎಲೆಗಳು, ಒಬ್ಬ ಮನುಷ್ಯನಿಲ್ಲ. ಹೊತ್ತು ಇಳಿಯುತ್ತಿತ್ತು. ಹೆಂಡತಿ ಬರುವ ವೇಳೆ. ಅವಳಿಗೆ ಏನು ಹೇಳಲಿ? 'ಗ್ರಂಥಾಲಯ ಸಿದ್ಧವಾಗಿದೆ, ಪುಸ್ತಕಗಳು ಕಾಣುತ್ತಿಲ್ಲ' ಎಂದೇ?

ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಟೈಲರ್ ನಿಂತಿದ್ದ. ಕೈಯಲ್ಲಿ ಕತ್ತರಿ, ಮುಖದಲ್ಲಿ ರಕ್ತವಿಲ್ಲ.

"ಯಜಮಾನ್ರೇ, ನಿಮ್ಮ ಕಪಾಟು ಉಸಿರಾಡ್ತಿದೆ."

ಮಕ್ಕಳು ಕಳೆದುಹೋದ ಆ ಗಳಿಗೆಯಲ್ಲೂ ನನ್ನೊಳಗಿನ ವ್ಯಾಪಾರಿ ಎದ್ದು ಕೂತ. "ಹವಾ ತಣ್ಣಗಾದ್ರೆ ಮರ ಮೈ ಮುರಿಯುತ್ತೆ."

"ಮೈ ಮುರೀಲಿ ಬಿಡಿ, ಅದು ಸೀನಿತು."

"ಹೊಸ ಜಾಗ, ಧೂಳು..."

"ಧೂಳಿಗೆ ಸೀನೋ ಕಪಾಟು ಎಲ್ಲಿದೆ ಯಜಮಾನ್ರೇ? ಈಗಲೇ ಬನ್ನಿ. ಇಲ್ಲಾಂದ್ರೆ ವಾಪಸ್ ತಗೊಳ್ಳಿ."

'ವಾಪಸ್' ಅನ್ನುವ ಮಾತಿಗೆ ಕಾಲು ತಾನಾಗಿ ನಡೆಯಿತು. ದಾರಿಯಲ್ಲಾದರೂ ಹುಡುಗರು ಕಂಡಾರೆಂದು ಪ್ರತಿ ಕಂಬದ ಮರೆ ನೋಡುತ್ತಾ ಹೋದೆ.

ಟೈಲರ್‌ನ ಕೋಣೆಯಲ್ಲಿ ಆಗಲೇ ಮಬ್ಬು ಕವಿದಿತ್ತು. ನಾಲ್ಕೂ ಕಡೆ ತೂಗುಹಾಕಿದ ಕೋಟುಗಳು. ತಲೆಯಿಲ್ಲ, ಕೈಯಿಲ್ಲ, ಭುಜ ಮಾತ್ರ. ಗೋಡೆಯ ನೀರಿನ ಪೈಪು ಅಡ್ಡ ಬಂದು ಕಪಾಟು ಒಂದು ಗೇಣು ಮುಂದಕ್ಕೆ ನಿಂತಿತ್ತು. ನಾನು ಗಂಟಲು ಸರಿಮಾಡಿಕೊಂಡು ಬಾಗಿಲನ್ನು ಮೆಲ್ಲಗೆ ತಟ್ಟಿದೆ.

ಒಳಗಿನಿಂದ ಯಾರೋ ಮೆಲ್ಲಗೆ ತಿರುಗಿ ತಟ್ಟಿದರು.

ಟೈಲರ್ ನನ್ನ ಅಂಗಿ ಹಿಡಿದುಕೊಂಡ. ನಾನು ಆತನದು ಹಿಡಿದುಕೊಂಡೆ. "ಯಾ... ಯಾರದು?" ಅಂದೆ. ಕಪಾಟು ಸುಮ್ಮನಾಯಿತು. ಆಗ ಗೋಡೆಗೂ ಕಪಾಟಿಗೂ ನಡುವಿನ ಕತ್ತಲಿಂದ ಒಂದು ಪುಟ್ಟ ಕೈ ಹೊರಬಂತು. ಬಿಳಿಚಿದ ಕೈ. ಗಾಳಿಯಲ್ಲಿ ಏನನ್ನೋ ತಡಕಾಡಿತು. ಟೈಲರ್ ಹಿಂದಕ್ಕೆ ಸರಿದು ಕೋಟುಗಳ ಸಮೇತ ನೆಲ ಕಂಡ. ಕೈ ನಿಧಾನವಾಗಿ ಮಗುಚಿಕೊಂಡಿತು. ಮಣಿಕಟ್ಟಿನ ಮೇಲೆ, ಬೆವರಿಗೆ ಕದಡಿ, ಪೆನ್ನಿನಲ್ಲಿ ಬರೆದ ಒಂದು ಗಡಿಯಾರ.

ನಾನು ಆ ಕೈ ಹಿಡಿದುಕೊಂಡೆ. ಅದು ಬೆಚ್ಚಗಿತ್ತು. ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. ಆಮೇಲೆ ಸಂದಿಯಿಂದ ಪೀಪಿ ತೆವಳಿ ಬಂದ, ಹಿಂದೆಯೇ ಗುಡುಗು. ಇಬ್ಬರ ತಲೆಯಲ್ಲೂ ಜೇಡರ ಬಲೆ. ಅಪ್ಪಿಕೊಂಡರೂ ತುಟಿ ಬಿಚ್ಚಲಿಲ್ಲ.

"ಮಾತಾಡ್ರೋ!"

ಪೀಪಿ ಗಡಿಯಾರ ತೋರಿಸಿ ತಲೆಯಾಡಿಸಿದ.

ಟೈಲರ್ ಕೋಟುಗಳಡಿಯಿಂದ ಎದ್ದ. "ಬೀಗ ತೆರೆದಿಲ್ಲ. ಒಳಗೆ ಹೇಗೆ ಹೋದ್ರು ಯಜಮಾನ್ರೇ?"

"ಮಕ್ಕಳಲ್ವೇ," ಅಂದೆ ಹಗುರಾಗಿ. "ಎಲ್ಲಿಂದ ಬೇಕಾದ್ರೂ ನುಗ್ತಾರೆ." ಮಕ್ಕಳು ಸಿಕ್ಕರು, ಮಾಲೂ ಮಾರಿಹೋಗಿದೆ. ಬಾಯಿ ಬಿಗಿದ ಹುಡುಗರಷ್ಟು ಒಳ್ಳೆಯ ಹುಡುಗರುಂಟೇ ಎಂದು ಇಬ್ಬರನ್ನೂ ಹೊರಡಿಸಿದೆ.

ಹೊಸ್ತಿಲಲ್ಲಿ ಹೆಂಡತಿ ನಿಂತಿದ್ದಳು. ಕೆಲಸದಿಂದ ಬರುವ ದಾರಿ ಅದೇ. "ಇದೇನ್ರೀ, ಮೂವರೂ ಇಲ್ಲಿ?"

ಪೀಪಿ ಒಂದು ಮಧ್ಯಾಹ್ನದ ಮಾತನ್ನೆಲ್ಲ ಒಂದೇ ಉಸಿರಿಗೆ ಬಿಟ್ಟ: "ಅಮ್ಮ ಬಂದ್ಲು, ನಾವು ಗೆದ್ವಿ! ಅಪ್ಪ, ನಮ್ಮನ್ನ ಹೆದರಿಸಿ ಕೂಗಿಸೋಕೆ ಕಪಾಟು ಹೊರಿಸಿದ್ದು ತಾನೆ? ನಾವು ಕೂಗಲಿಲ್ಲ. ಕಪಾಟಿಗೆ ಬೆನ್ನೇ ಇಲ್ಲ, ಬರೀ ಕಂಬಳಿ ಅಂತ ಟೈಲರ್ ಮಾಮನಿಗೂ ಹೇಳಲೇ ಇಲ್ಲ ನೋಡು!"

ಟೈಲರ್ ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅಳತೆ ಸಿಕ್ಕಿತು ಅನ್ನುವ ಹಾಗೆ.

ಮರುದಿನ ಕಪಾಟು ಮರಳಿ ಬಂತು. ಕೈಗಾಡಿಯವನು ಒಬ್ಬನೇ ಇಳಿಸಿ, ಮುಗುಮ್ಮಾಗಿ ಕೇಳಿದ: "ಹೂವಿನ ಹಾಗಿದೆ ಯಜಮಾನ್ರೇ. ಇವತ್ತು ಹೊತ್ತು ಏರಲಿಲ್ವಾ?"

ಈಗ ನನ್ನ ತಲೆಯ ಮೇಲೆ ದಿನವಿಡೀ ಸ್ಪ್ರಿಂಗ್ ಮಂಚ ಕಿರುಗುಟ್ಟುತ್ತದೆ. ಸೂರಿನ ಸುಣ್ಣ ಗಿರಾಕಿಗಳ ತಲೆಗೆ ಉದುರುತ್ತದೆ. ಮೊನ್ನೆ ಒಬ್ಬರು, "ಆ ಸದ್ದು ಸ್ವಲ್ಪ ನಿಲ್ಲಿಸ್ತೀರಾ?" ಅಂದರು. ಅವರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಸದ್ದು ತಾನಾಗಿಯೇ ನಿಂತಿತು. ಕುದುರುತ್ತಿದ್ದ ವ್ಯಾಪಾರವನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ ಮೆಟ್ಟಿಲು ಹಾರಿ ಮೇಲೆ ಓಡಿದೆ.

ಇಬ್ಬರೂ ಮಂಚದ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

"ಕಟ್ಟಿ, ಕಟ್ಟಿ," ಅಂದೆ ಏದುಸಿರು ಬಿಡುತ್ತಾ. "ಸ್ವಲ್ಪ ಬೇಗ ಕಟ್ಟಿ."