ನಗರದೇವರ ಕಚೇರಿಯಲ್ಲಿ ನನ್ನ ಮಗಳು ಕೆಲಸಕ್ಕೆ ಸೇರುವ ದಿನಾಂಕದ ಕುರಿತು

ಹಳೆಯ ಬಂದರು ಬೀದಿಯ ಜೀವಂತರನ್ನೂ ಮೃತರನ್ನೂ ಒಂದೇ ಕಣ್ಣಿನಿಂದ ಕಾಣುವ, ಧೂಪದ ಹೊಗೆಗೆ ಮುಖ ಕಪ್ಪಾದರೂ ಕೀರ್ತಿ ಕಪ್ಪಾಗದ, ಪರಮಪೂಜ್ಯ ನಗರದೇವರ ಸನ್ನಿಧಾನಕ್ಕೆ

ಮಾನ್ಯರೇ,

ತಮ್ಮ ದೇವಸ್ಥಾನದ ಹಿಂದಿನ ಓಣಿಯ ನಿವಾಸಿ ಫಾಂಗ್ ತ್ಸುಂಗ್‌ಹಾನ್ ತಲೆಬಾಗಿ ಮಾಡಿಕೊಳ್ಳುವ ವಿಜ್ಞಾಪನೆ. ಇಂಥ ಮನವಿಯನ್ನು ಹಳದಿ ಕಾಗದದ ಮೇಲೆ ಬರೆದು ಸುಡುವುದು ನಮ್ಮಲ್ಲಿ ವಾಡಿಕೆ. ಸುಟ್ಟದ್ದು ತಮಗೆ ತಲುಪುತ್ತದೆ ಎನ್ನುವವರು ಬಹಳ ಮಂದಿ ಇದ್ದಾರೆ, ಉತ್ತರ ಬಂತು ಎಂದವರನ್ನು ನಾನು ಕಂಡಿಲ್ಲ. ಆದಕಾರಣ ಇದನ್ನು ತಮ್ಮ ಹೊರಗೋಡೆಗೆ ಅಂಟಿಸುತ್ತಿದ್ದೇನೆ. ಎದುರಿನ ಅಂಗಡಿಯಲ್ಲಿ ಹೂಮೀನಿನ ಗಂಜಿಗೆ ಕಾದು ನಿಂತವರೂ ಓದಿಕೊಳ್ಳಲಿ.

ಕಳೆದ ವಸಂತದಲ್ಲಿ ನನ್ನ ಒಬ್ಬಳೇ ಮಗಳು ರುಯಿಚಿ ತಾನು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯಿಂದ ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದಾಗ ಲಾರಿ ಬಡಿದು ತೀರಿಕೊಂಡಳು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಅದು ಈ ಪತ್ರದ ವಿಷಯವಲ್ಲ. ವಿಷಯವೇನೆಂದರೆ, ತಾವು ಯಾರ ಮೈಮೇಲೆ ಬರುತ್ತೀರೋ ಆ ಪಾತ್ರಿ ಲಿಯಾವ್ ಅಜ್ಜಿ ಮೊನ್ನೆ ಗಡಗಡ ನಡುಗಿ, "ಅಳಬೇಡ್ರೋ! ಹುಡುಗಿಗೆ ಕೆಲಸ ಆಗಿದೆ. ದೊಡ್ಡಯ್ಯನ ಕಚೇರೀಲಿ ಗುಮಾಸ್ತೆ. ಏಳನೇ ತಿಂಗಳು ಮೊದಲ್ನೇ ದಿನ ಹಾಜರಾಗ್ಬೇಕು" ಎಂದು ತಮ್ಮ ಆಜ್ಞೆಯನ್ನು ಸಾರಿದರು. ನನ್ನ ಹೆಂಡತಿ ಬಿಹ್ವಾ ಕೇಳಿದ್ದು ಒಂದೇ ಪ್ರಶ್ನೆ: "ಊಟಕ್ಕೆ ಮನೆಗೆ ಬರ್ತಾಳಾ ಅಜ್ಜಿ?" ಅದಕ್ಕೆ ಬಂದ ಉತ್ತರ, "ಎಲ್ಲಿಂದ ಬರ್ತಾಳಮ್ಮ, ಅಲ್ಲೇ ಸರ್ಕಾರಿ ಊಟ! ಇನ್ಮೇಲೆ ನೀನು ಅವಳ ಬಟ್ಟಲು ಇಡೋ ಹಾಗಿಲ್ಲ. ಇಟ್ರೆ ಅವಳ ಮನಸ್ಸು ಕೆಲಸದಲ್ಲಿ ನಿಲ್ಲಲ್ಲ."

ಬಿಹ್ವಾ ಇಂದಿಗೂ ಮೇಜಿನ ಮೇಲೆ ಮೂರು ಬಟ್ಟಲು ಇಡುತ್ತಾಳೆ. ತಮ್ಮ ದಿನಾಂಕ ಬಂದರೆ ಆ ಮೂರನೆಯದನ್ನು ಅವಳು ತೆಗೆದಿಡಬೇಕು. ಅವಳಿಂದ ಅದು ಆಗದು. ಆದ್ದರಿಂದ ದಿನಾಂಕವನ್ನು ಮುಂದಕ್ಕೆ ಹಾಕಬೇಕೆಂಬುದೇ ನನ್ನ ಪ್ರಾರ್ಥನೆ.

ತಮ್ಮ ಆಯ್ಕೆಯ ಸೂಕ್ಷ್ಮತೆಯನ್ನು ಮೊದಲು ಕೊಂಡಾಡಬೇಕು. ಪಕ್ಕದ ಮನೆಯ ತೊಂಬತ್ತು ದಾಟಿದ ಮುದುಕರು ಪ್ರತಿದಿನ ಬೆಳಿಗ್ಗೆ ತಮ್ಮ ಮುಂದೆ ನಿಂತು "ನನ್ನ ಕರ್ಕೊಳಯ್ಯಾ" ಎಂದು ಬಾಯಿಬಿಟ್ಟು ಅರ್ಜಿ ಹಾಕುತ್ತಲೇ ಇದ್ದಾರೆ, ಉಡಬೇಕಾದ ಕೊನೆಯ ಬಟ್ಟೆಯನ್ನೂ ಹೊಲಿಸಿಟ್ಟುಕೊಂಡಿದ್ದಾರೆ. ಅಂಥ ಅನುಭವಸ್ಥರನ್ನು ಬದಿಗಿಟ್ಟು, ಅರ್ಜಿಯನ್ನೇ ಹಾಕದವಳನ್ನು ನೇಮಿಸಿಕೊಂಡ ತಮ್ಮ ದೂರದೃಷ್ಟಿಗೆ ಯಾವ ಖಾಸಗಿ ಕಂಪನಿಯೂ ಸಾಟಿಯಲ್ಲ. ಇನ್ನು ಜನರ ತಪ್ಪುಗಳನ್ನು ಬರೆದಿಡುವ ಕೆಲಸಕ್ಕೆ ರುಯಿಚಿಗಿಂತ ಯೋಗ್ಯರು ಸಿಗಲಾರರು! ಅಂಗಡಿಯ ಕನ್ನಡಕದ ಮೇಲೆ ತಾನೇ ಕುಳಿತು ಮುರಿದ ಗಿರಾಕಿಗೆ "ಕನ್ನಡಕ ಇಲ್ದೆ ಹೇಗೆ ನೋಡ್ತಿದ್ರಿ ಪಾಪ" ಎಂದು ಹೇಳಿ ಕಳಿಸಿದವಳು ಅವಳು. ಅವಳು ಕುರ್ಚಿಯಲ್ಲಿ ಕೂತ ಮರುದಿನವೇ ತಮ್ಮ ನರಕಗಳಿಗೆಲ್ಲ ಬೀಗ ಬೀಳುತ್ತದೆ. ತಮ್ಮ ಸಿಬ್ಬಂದಿಯ ಹಿತದೃಷ್ಟಿಯಿಂದಲಾದರೂ ಯೋಚಿಸಬೇಕು.

ಸಿದ್ಧತೆಯ ಕೊರತೆಯನ್ನೂ ಗಮನಕ್ಕೆ ತರುತ್ತೇನೆ. ಅವಳಿಗೆ ಸುಟ್ಟು ಕಳಿಸಲು ಕಾಗದದ ಮೇಜು, ಕುರ್ಚಿ, ಕಂಪ್ಯೂಟರ್ ಮಾಡಿಕೊಡೆಂದು ಕಾಗದದ ಸಾಮಾನಿನ ಗಾವೊನನ್ನು ಕೇಳಿದೆ. "ಈ ಸೀಸನ್ನಲ್ಲಿ ಆಗಲ್ಲ ಫಾಂಗಣ್ಣ, ಊರಿಗೆ ಊರೇ ಕಾಗದದ ಬಂಗಲೆಗೆ ಆರ್ಡರ್ ಕೊಟ್ಟಿದೆ" ಎಂದವನು, "ಸ್ಕೂಟರ್ ಒಂದು ರೆಡಿ ಇದೆ, ಬೇಕಾದ್ರೆ ಈಗ್ಲೇ ಎತ್ಕೊಂಡ್ಹೋಗಿ, ಹೆಲ್ಮೆಟ್ ಪುಕ್ಕಟೆ" ಎಂದ. ಆಮೇಲೆ ಅವನೇ ನಾಲಿಗೆ ಕಚ್ಚಿಕೊಂಡ. ಸ್ಕೂಟರ್ ಬೇಡವೆಂದೆ. ನನ್ನ ಮಗಳು ನಡೆದೇ ಬರುತ್ತಾಳೆ. ನಡೆದು ಬರುವವರಿಗೆ ತಡವಾಗುವುದು ಸಹಜ ಎಂಬುದನ್ನು ಸನ್ನಿಧಾನವು ಮನಗಾಣಬೇಕು.

ತಾವು ಆರಿಸಿದ ತಿಂಗಳಂತೂ ಅದ್ಭುತ. ಏಳನೆಯ ತಿಂಗಳಲ್ಲಿ ತಮ್ಮ ಲೋಕದ ಬಾಗಿಲು ತೆರೆದು, ಊರಿನ ಸತ್ತವರೆಲ್ಲ ಮನೆಗಳಿಗೆ ಉಣ್ಣಲು ಬರುತ್ತಾರೆ. ಕಳ್ಳನಿಗೂ ರಜೆ, ಕೊಲೆಗಾರನಿಗೂ ರಜೆ. ಎಲ್ಲರೂ ಊಟಕ್ಕೆ ಬರುವ ದಿನವೇ ನನ್ನ ಮಗಳೊಬ್ಬಳು ಕೆಲಸಕ್ಕೆ ಹೋಗಬೇಕು!

ಇದನ್ನೆಲ್ಲ ನಾನು ತಮ್ಮ ಮುಂದೆ ಮೊಣಕಾಲೂರಿ ಅರಿಕೆ ಮಾಡಿಕೊಂಡೆ, ಅಪ್ಪಣೆ ಕೇಳುವ ಜೋಡಿ ಮರದ ತುಂಡುಗಳನ್ನು ನೆಲಕ್ಕೆ ಹಾಕಿದೆ. ಒಂದು ಕವುಚಿ ಒಂದು ಅಂಗಾತ ಬಿದ್ದಿದ್ದರೆ ಒಪ್ಪಿಗೆ, ಎರಡೂ ಕವುಚಿ ಬಿದ್ದಿದ್ದರೆ ನಿರಾಕರಣೆ. ನಲವತ್ತು ವರ್ಷ ಕೇಳಿದೆ, ಎರಡೂ ಅಂಗಾತ ಬಿದ್ದವು, ಅಂದರೆ ತಾವು ನಕ್ಕಿರಿ. ಇಪ್ಪತ್ತಕ್ಕೆ ಇಳಿದೆ, ನಕ್ಕಿರಿ. ಒಂದು ವರ್ಷ ಸಾಕೆಂದೆ, ಮತ್ತೆ ನಕ್ಕಿರಿ. ಪಕ್ಕದಲ್ಲಿ ನಿಂತಿದ್ದ ಬಿಹ್ವಾ, "ದೇವರ ಹತ್ರಾನೂ ಚರ್ಚಾಸ್ಪರ್ಧೆನಾ ನಿಮ್ದು? ಏಳಿ, ಮಂಡಿ ನೋಯುತ್ತೆ" ಎಂದಳು. ಎದ್ದೆ. ಆದರೆ ಕಾಲೇಜಿನ ದಿನಗಳಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆಯ ಪಾರಿತೋಷಕವನ್ನು ಗೆದ್ದವನಾಗಿ ಒಂದು ನಿಯಮವನ್ನು ಸವಿನಯವಾಗಿ ನೆನಪಿಸಲೇಬೇಕು: ನಗು ಪ್ರತಿವಾದವಲ್ಲ. ಎದುರು ಪಕ್ಷ ನಕ್ಕು ಕುಳಿತರೆ ನಿರ್ಣಯ ನನ್ನ ಕಡೆಗೇ ಆಗಬೇಕು.

ಆದರೂ ರಾಜಿಗೆ ಸಿದ್ಧನಿದ್ದೇನೆ. ವರ್ಷಗಳ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಒಂದು ಸಂಜೆ ಬಿಹ್ವಾ ಯಾರೂ ಹೇಳದೆ, ಯಾರೂ ಹೆದರಿಸದೆ, ತಾನಾಗಿ ಎರಡೇ ಬಟ್ಟಲು ಇಟ್ಟರೆ, ಅದರ ಮರುದಿನ ರುಯಿಚಿ ತಮ್ಮಲ್ಲಿ ಹಾಜರಾಗುತ್ತಾಳೆ. ಆ ಸಂಜೆ ಯಾವುದೆಂದು ನನಗೆ ಗೊತ್ತಿಲ್ಲ. ನಾನೂ ಆ ಮೇಜಿಗೇ ಕೂರುವವನು. ಬಂದಾಗ ನಾನೇ ಬಂದು ತಿಳಿಸುತ್ತೇನೆ. ಅಲ್ಲಿಯವರೆಗೆ ಆ ಕುರ್ಚಿ ಖಾಲಿ ಇರಲಿ. ನಮ್ಮ ಮನೆಯಲ್ಲೂ ಒಂದು ಇದೆ, ಅದರಿಂದ ಯಾರೂ ಸಾಯುವುದಿಲ್ಲ.

ಧೂಪ ಆರುವ ಮುನ್ನ ಇತ್ಯರ್ಥವಾಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಫಾಂಗ್ ತ್ಸುಂಗ್‌ಹಾನ್

ಮರೆತ ಮಾತು: ಕೆಂಪು ದೀಪವಿದ್ದರೂ ಲಾರಿ ನುಗ್ಗಿಸಿದ ಮಹನೀಯರು ಪ್ರತಿ ಹುಣ್ಣಿಮೆಗೆ ತಮಗೆ ಕಿತ್ತಳೆ ಹಣ್ಣು ಅರ್ಪಿಸಿ, ಆರೋಗ್ಯವಾಗಿ ಲಾರಿ ಹತ್ತಿ ಹೋಗುವುದನ್ನು ನೋಡುತ್ತಿದ್ದೇನೆ. ಅವರಿಗೆ ಕೇಡು ಬಯಸುವವನು ನಾನಲ್ಲ. ಹಾಜರಾತಿಯನ್ನು ಮುಂದೂಡುವ ಪದ್ಧತಿ ತಮ್ಮ ಕಚೇರಿಯಲ್ಲಿ ಇಲ್ಲವೆಂದು ಮಾತ್ರ ನನಗೆ ಹೇಳಬೇಡಿ.