ವಳ್ಳೂರು ಓಪನ್ ಫೈನಲ್

ದೇಶ ವಿದೇಶದ ಟೆನಿಸ್ ಆಟಗಾರರನ್ನು ಬೇಕಾದಂತೆ ಕುಣಿಸುವವರು ಇಡೀ ಮಧುಗಿರಿ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬನೇ. ಅವನು ಜನ್ಮದಲ್ಲಿ ಹಿಡಿದಿರುವುದು ಒಂದೇ ರಾಕೆಟ್ಟು, ಅದೂ ಸೊಳ್ಳೆ ಹೊಡೆಯುವುದು!

ಪಾವಗಡ ಲೈನಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ಕೆಲಸ ಬಿಟ್ಟ ಮೇಲೆ ಮೊಬೈಲ್ ಹಿಡಿದ. ಅದರಲ್ಲಿ ಏನೋ ಹುಡುಕಲು ಹೋಗಿ ಒಂದು ಆನ್‌ಲೈನ್ ಗುಂಪಿಗೆ ಸೇರಿಕೊಂಡ. ಅಲ್ಲಿ ಒಬ್ಬೊಬ್ಬರೂ ಒಬ್ಬೊಬ್ಬ ಆಟಗಾರರನ್ನು ಮನಸ್ಸಿನಲ್ಲೇ ಹುಟ್ಟಿಸಿಕೊಂಡು, ತಾವೇ ಅವರೆಂಬಂತೆ ಬರೆಯುತ್ತಾರೆ. ಗೆದ್ದರೆ ಸಂದರ್ಶನ ಕೊಡುತ್ತಾರೆ, ಸೋತರೆ ಅಂಪೈರನ್ನು ಬೈಯುತ್ತಾರೆ. ಇಲ್ಲದ ಚೆಂಡು, ಇಲ್ಲದ ಕೋರ್ಟು! ಇದನ್ನು ನಡೆಸುತ್ತಿದ್ದವನು ಅರ್ಧಕ್ಕೆ ಕೈಬಿಟ್ಟಾಗ, ನಮ್ಮ ಮಾವನಿಗೆ ಡ್ರೈವರ್ ಇಳಿದು ಹೋದ ಬಸ್ಸು ನೋಡಿದ ಹಾಗಾಯಿತಂತೆ. ತಾನೇ ಟೂರ್ ಡೈರೆಕ್ಟರ್ ಆಗಿಬಿಟ್ಟ. ಇಂಗ್ಲಿಷ್ ಬರಬೇಡವೇ ಅಂತೀರಾ? ಕನ್ನಡದಲ್ಲಿ ಹೇಳಿದರೆ ಮೊಬೈಲೇ ಅನುವಾದ ಮಾಡಿಕೊಡುತ್ತದೆ.

ಶಿರಾ ಮಾಸ್ಟರ್ಸ್, ಮದಲೂರು ಕೆರೆ ಕ್ಲಾಸಿಕ್, ತೋವಿನಕೆರೆ ಕಪ್ ಎಂದು ನಮ್ಮ ಸುತ್ತಲಿನ ಊರುಗಳ ಹೆಸರಿನ ಟೂರ್ನಿಗಳೆಲ್ಲ ಶುರುವಾದವು. ಎಲ್ಲಕ್ಕಿಂತ ದೊಡ್ಡದು ನಮ್ಮ ಅತ್ತೆಯ ತವರಿನ ವಳ್ಳೂರು ಓಪನ್, ಪಾವಗಡದ ಸೋಲಾರ್ ಪಾರ್ಕಿನ ಪ್ಯಾನೆಲ್‌ಗಳ ನೆರಳಿನಲ್ಲಿ! ಗುಂಪಿನಲ್ಲಿದ್ದ ಪೋಲೆಂಡಿನ ನರ್ಸ್ ಒಬ್ಬಳು, "ವಳ್ಳೂರಿನಲ್ಲಿ ಆಟಗಾರರು ಇಳಿದುಕೊಳ್ಳುವುದು ಎಲ್ಲಿ?" ಎಂದು ಕೇಳಿದಳು. "ನಮ್ ಬಾಮೈದನ ಮನೆ ಐತೆ, ಮುದ್ದೆ ಉಣ್ಣೋರಾದ್ರೆ ಬರ‍್ರಿ" ಎಂದು ಮಾವ ಉತ್ತರ ಕಳಿಸಿದ. ಅವಳ ಆಟಗಾರ್ತಿ ಮೊದಲ ಸುತ್ತಿನಲ್ಲೇ ಸೋತಳು. ಮುದ್ದೆ ಭಾರವಾಗಿ ಓಡಲಾಗಲಿಲ್ಲ ಎಂದು ನರ್ಸ್ ಅಧಿಕೃತ ಹೇಳಿಕೆ ಕೊಟ್ಟಳು.

ಗೆಲುವು ಸೋಲು ತೀರ್ಮಾನಿಸುತ್ತಿದ್ದವರು ಯಾರು ಗೊತ್ತೇ? ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದ ನಮ್ಮ ಅತ್ತೆ! ಚೌಕಾಬಾರಕ್ಕೆ ಮಾಡಿಕೊಳ್ಳುವ ಹಾಗೆ ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ ಐದು ಹುಣಸೆ ಬೀಜಗಳನ್ನು ಮಾವ ಅವಳ ಕೈಗೆ ಕೊಡುತ್ತಿದ್ದ. ಬಿಳಿ ಹೆಚ್ಚು ಬಿದ್ದರೆ ಒಬ್ಬಳಿಗೆ ಪಾಯಿಂಟ್, ಕಪ್ಪು ಹೆಚ್ಚು ಬಿದ್ದರೆ ಇನ್ನೊಬ್ಬಳಿಗೆ.

"ಏಮಯ್ಯಾ, ಕೆಲ್ಸದ ಹೊತ್ನಾಗೆ ಇದೇನ್ ನಿನ್ ಪಿಚ್ಚಿ ಆಟ?" ಎಂದು ತವರಿನ ತೆಲುಗು ಬೆರೆಸಿ ಅವನ ಹುಚ್ಚನ್ನು ಬೈಯುತ್ತಲೇ ಅತ್ತೆ ಬೀಜ ಎಸೆಯುತ್ತಿದ್ದಳು.

"ಬ್ರೆಜಿಲ್‌ನೋಳು ಸೋತೋದ್ಲು ಕಣೇ!"

"ಸಾಯ್ಲಿ ಬುಡು!"

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು. ಆಸ್ಪತ್ರೆಯಿಂದ ಬಂದವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮಾತಿಲ್ಲ. ಗಂಜಿ ತುಟಿಗಿಟ್ಟರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಬದುಕುವ ಮನಸ್ಸಿಲ್ಲ ಎಂಬುದು ನಮಗೆಲ್ಲ ತಿಳಿದುಹೋಯಿತು.

ಆಗ ನಮ್ಮ ಟೂರ್ ಡೈರೆಕ್ಟರ್ ಏನು ಮಾಡಿದ? ಮತ್ತೆ ವಳ್ಳೂರು ಓಪನ್ ಘೋಷಿಸಿದ! ಜೊತೆಗೊಂದು ಹೊಸ ನಿಯಮ: ಬೀಜವನ್ನು ಬಲಗೈಯಲ್ಲೇ ಹಾಕಬೇಕು, ಎಡಗೈಯಾದರೆ ಫೌಲು.

ಕೊರಟಗೆರೆಯಲ್ಲಿ ನಮ್ಮಮ್ಮ ಕೆಂಡವಾದಳು. "ಹೆಂಡ್ತಿ ಸಾಯಕ್ ಬಿದ್ದವ್ಳೆ, ಇವ್ನಿಗೆ ಟೆನಿಸ್ಸು! ಹೋಗಿ ಉಗ್ದು ಬಾರೇ" ಎಂದು ನನ್ನನ್ನು ಬಸ್ಸು ಹತ್ತಿಸಿದಳು. ಉಗಿಯುವ ಕೆಲಸ ನನಗೂ ಇಷ್ಟವೇ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದೆ.

ಹೋದರೆ ಮಾವ ಮಂಚದ ಪಕ್ಕ ಕೂತು ಅತ್ತೆಯ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಬೀಜ ಇಟ್ಟ, ಬೆರಳು ಮಡಿಸಿದ, ಮಣಿಕಟ್ಟು ಹಿಡಿದು ಮೆಲ್ಲಗೆ ಅಲ್ಲಾಡಿಸಿದ. ಬೀಜಗಳು ಹಾಸಿಗೆಯ ಮೇಲೆ ಉದುರಿದವು. ಬಿಳಿಯೇ ಹೆಚ್ಚು.

"ನೆಟ್ಟು ತಾಗ್ತು! ಇನ್ನೊಂದ್ಸಲ ಹಾಕು" ಎಂದ ಮಾವ.

"ಈ ಫೈನಲ್ ಶುರುವಾಗಿದ್ದು ಯಾವಾಗ ಮಾವ?"

"ದೀಪಾವಳಿಗೆ."

ಆಗಲೇ ಯುಗಾದಿ ಕಳೆದಿತ್ತು! ಈ ಸಲ ಫೈನಲ್ ತಲುಪಿದ್ದ ಪೋಲೆಂಡಿನ ನರ್ಸಿನ ಆಟಗಾರ್ತಿಗೆ ಗೆಲ್ಲಲು ಬೇಕಿದ್ದುದು ಇನ್ನೊಂದೇ ಪಾಯಿಂಟು. ಅವಳ ಬಿಳಿ ಹೆಚ್ಚು ಬಿದ್ದಾಗಲೆಲ್ಲ ಸರ್ವ್ ಮಾಡಿದ ಚೆಂಡು ನೆಟ್ಟಿಗೆ ತಾಗಿ, ಆ ಪಾಯಿಂಟು ಲೆಕ್ಕಕ್ಕಿಲ್ಲದೆ ಮತ್ತೆ ಆಡಬೇಕಾಗುತ್ತಿತ್ತು. ಬಸ್ಸಿನಲ್ಲಿ ಸ್ವಂತ ತಮ್ಮನಿಗೂ ಟಿಕೆಟ್ ಹರಿದ ಮನುಷ್ಯ ನಮ್ಮ ಮಾವ!

ಮಾವ ಗಂಜಿ ಕಾಯಿಸಲು ಎದ್ದ. ಅವನ ಹಿಂದೆಯೇ ಒಲೆ ಹತ್ತಿರ ಹೋಗಿ, "ಇದ್ರಿಂದ ಅತ್ತೆ ಕೈ ಬರುತ್ತಾ ಮಾವ?" ಎಂದು ರೇಗಿದೆ.

"ಬರಕಿಲ್ಲ ಕಣಮ್ಮ. ಡಾಕ್ಟ್ರು ಅವತ್ತೇ ಹೇಳ್ಬುಟ್ರು."

"ಮತ್ಯಾಕೆ ಇದೆಲ್ಲ?"

ಮಾವ ಗಂಜಿ ತಿರುವುತ್ತಲೇ ಇದ್ದ. "ನಾಳೆ ಮ್ಯಾಚ್ ಐತೆ ಕಣೇ ಅಂದ್ರೆ ಬೆಳಗ್ಗೆ ಎದ್ದು ಎಲ್ಡ್ ತುತ್ತು ನುಂಗ್ತಾಳೆ. ಮುಗ್ದೋದ್ರೆ ಇನ್ನೇನ್ ಹೇಳಿ ಉಣ್ಸಾನ ಹೇಳು?"

ಜೋಡಿಸಿಕೊಂಡು ಬಂದ ಬೈಗುಳವನ್ನೆಲ್ಲ ಅಲ್ಲೇ ಒಲೆಗೆ ಹಾಕಿದೆ. ಅತ್ತೆಯ ಹತ್ತಿರ ಹೋಗಿ ಕೂತೆ. ಮಾವ ಮಾಡಿದ ಹಾಗೆಯೇ ಬೆರಳು ಬಿಡಿಸಿ, ಬೀಜ ಇಟ್ಟು, ಕೈ ಅಲ್ಲಾಡಿಸಿದೆ. ಐದಕ್ಕೆ ಐದೂ ಬಿಳಿ! ಪೋಲೆಂಡ್ ಚಾಂಪಿಯನ್! ಮಾವನ ಸುಳ್ಳು ನನ್ನ ಬಾಯಲ್ಲಿ ಹೊರಳಲಿಲ್ಲ. ಅತ್ತೆಯ ಕಣ್ಣು ಬೀಜಗಳ ಮೇಲೇ ಇತ್ತು. ಅವಳೂ ಎಣಿಸುತ್ತಿದ್ದಳು.

ಅತ್ತೆಯ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಸೊಟ್ಟ ತುಟಿ ಅದುರಿತು. ಅಷ್ಟು ತಿಂಗಳು ಮಾತೇ ಆಡದ ಬಾಯಿಂದ, ಜೊಲ್ಲಿನ ಜೊತೆ ಒಂದು ಮಾತು ಹೊರಬಂತು.

"ನೆ... ಟ್ಟು."

ನನಗೆ ಅಳು ತಡೆಯಲಾಗಲಿಲ್ಲ. ಬೀಜಗಳನ್ನು ಆರಿಸಿ ಮತ್ತೆ ಅವಳ ಬಲಗೈಗೆ ಇಟ್ಟೆ.