ನಡುಮನೆಗೂ ಮಗ್ಗದ ಕೋಣೆಗೂ ಒಂದು ನೀಲಿ ವೈರು

ಕೊಳ್ಳೇಗಾಲದ ನಮ್ಮ ದೊಡ್ಡಪ್ಪನ ಮನೆಗೆ ನೀವು ಹೋಗುವುದಾದರೆ ಜೇಬಿನಲ್ಲಿ ಪೆನ್ ಡ್ರೈವ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇದ್ದರೆ ಅದನ್ನು ಚಪ್ಪಲಿಯ ಜೊತೆ ಬಾಗಿಲಾಚೆಯೇ ಬಿಡಬೇಕು! ತಮಾಷೆಯಲ್ಲ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಅದಕ್ಕೆಂದೇ ಒಂದು ತೆಂಗಿನ ಚಿಪ್ಪು ಇಟ್ಟಿದ್ದಾರೆ.

"ಊರೆಲ್ಲಾ ತಿರುಗ್ಬುಟ್ಟು ಬಂದಿರ್ತದೆ ಕಣ್ಲಾ ಅದು. ಯಾರ್ಯಾರ್ ಮನೆ ಕೊಳೆ ತಂದದೋ!"

ದೊಡ್ಡಪ್ಪನ ಈ ಮಡಿಗೆ ಕಾರಣವಿದೆ. ಒಮ್ಮೆ ಯಾರದೋ ಪೆನ್ ಡ್ರೈವಿನಿಂದ ವೈರಸ್ ನುಗ್ಗಿ ಹದಿನೆಂಟು ಅಂಚುಗಳನ್ನು ನುಂಗಿಹಾಕಿತ್ತು. ಅಂಚು ಎಂದರೆ ರೇಷ್ಮೆ ಸೀರೆಯ ಅಂಚು. ದೊಡ್ಡಪ್ಪ ನೇಯುವವರು, ದೊಡ್ಡವ್ವ ಅಂಚು ಸೆರಗುಗಳ ಚಿತ್ರ ಬಿಡಿಸುವವರು. ಮಗ್ಗದ ಕೋಣೆಯ ಹಳೇ ಕಂಪ್ಯೂಟರಿನ ಮುಂದೆ ಕೂತು, ಸಾಸಿವೆಯಷ್ಟು ಚಿಕ್ಕ ಚೌಕಗಳನ್ನು ಒಂದೊಂದಾಗಿ ತುಂಬಿ ನವಿಲು, ಹಂಸ, ಮಾವಿನಕಾಯಿ ಮೂಡಿಸುತ್ತಿದ್ದರು. ಪರದೆಯ ಮೇಲಿದ್ದಂತೆಯೇ ಮಗ್ಗ ನೇಯುತ್ತಿತ್ತು. ಎರಡು ವರ್ಷದ ಹಿಂದೆ ದೊಡ್ಡವ್ವ ಇದ್ದಕ್ಕಿದ್ದಂತೆ, "ಸಾಕು, ಬೇಜಾರಾಯ್ತು" ಎಂದು ಬಿಟ್ಟುಬಿಟ್ಟರು. ಅಂದಿನಿಂದ ಮಗ್ಗದಲ್ಲಿ ಹಳೇ ಅಂಚುಗಳೇ ತಿರುತಿರುಗಿ ಬರುತ್ತಿವೆ.

ಹೀಗಿರುವಾಗ ದೊಡ್ಡಪ್ಪ ನಡುಮನೆಗೊಂದು ಹೊಸ ಕಂಪ್ಯೂಟರು ತಂದರು. ಅದರ ಪರದೆಯೋ, ಕಿಟಕಿ ಕಿತ್ತು ತಂದು ಮೇಜಿನ ಮೇಲೆ ನಿಲ್ಲಿಸಿದ ಹಾಗಿದೆ! ಮಗ್ಗದ ಕೋಣೆಯಲ್ಲಿರುವ ಚಿತ್ರಗಳು ಇಲ್ಲಿ ಕೂತರೆ ಇಲ್ಲೇ ತೆರೆದುಕೊಳ್ಳಬೇಕು, ಅದೊಂದೇ ಅವರ ಹಟ. ಅಡುಗೆಮನೆಯ ಮೇಲಿಂದ ನೀಲಿ ವೈರು ಎಳೆದದ್ದೂ ಆಯಿತು. ಹೊಸದು ಹಳೆಯದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಯಳಂದೂರಿನ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂರುವ ತಪ್ಪಿಗೆ ನನಗೆ ಫೋನು ಬಂತು.

"ಲೇ, ಒಂದೇ ಮನೇಲಿದ್ಕಂಡು ಮಕ ನೋಡಲ್ಲ ಅಂದ್ರೆ ಏನ್ಲಾ ಇವು? ಭಾನ್ವಾರ ಬಾ!"

ಹೋದೆ. ಚಿಪ್ಪಿನಲ್ಲಿ ಬಿಟ್ಟ ನನ್ನ ಪೆನ್ ಡ್ರೈವಿನ ಕಡೆ ಕೈ ತೋರಿಸಿ, "ದೊಡ್ಡಪ್ಪ, ಇದ್ರಲ್ಲಿ ಕಾಪಿ ಮಾಡ್ಕಂಡ್ರೆ ಐದ್ ನಿಮಿಷದ್ ಕೆಲ್ಸ" ಎಂದೆ.

"ಕಾಪಿ ಮಾಡುದ್ರೆ ಎರಡಾಯ್ತದೆ ಕಣ್ಲಾ. ಇಲ್ಲಿ ತಿದ್ದುದ್ದು ಅಲ್ಲಿಗೆ ಓಗಲ್ಲ. ಇಲ್ಲಿ ಮುಟ್ಟುದ್ರೆ ಅಲ್ಲಿ ಆಗ್ಬೇಕು."

"ತಿದ್ದೋರ್ ಯಾರು? ದೊಡ್ಡವ್ವ ಬಿಟ್ಟು ಎರಡ್ ವರ್ಷ ಆಯ್ತಲ್ಲ?"

ದೊಡ್ಡಪ್ಪನಿಗೆ ಕೇಳಿಸಲಿಲ್ಲ. ಬೇಡದ ಪ್ರಶ್ನೆ ಬಂದಾಗ ಅವರ ಕಿವಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಅದೊಂದು ವರ!

ಮೊದಲು ಹಳೆಯದನ್ನು ನೋಡಿದೆ. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ. ಅದರೊಳಗಿನ ಗಡಿಯಾರದ ಸೆಲ್ಲು ಸತ್ತು ಎಷ್ಟೋ ಕಾಲವಾಗಿದೆ. ಹಾಗಾಗಿ ದಿನಾ ಬೆಳಿಗ್ಗೆ ತಾನು ಹುಟ್ಟಿದ ವರ್ಷದ ಜನವರಿ ಒಂದನೇ ತಾರೀಕು ಎಂದುಕೊಂಡೇ ಏಳುತ್ತದೆ. ಸೆಲ್ಲು ಬದಲಿಸೋಣವೆಂದರೆ ದೊಡ್ಡಪ್ಪ ಒಪ್ಪಲಿಲ್ಲ. "ದಿನಾ ವಯಸ್ ಮರ್ತು ಎದ್ದೇಳೋ ಭಾಗ್ಯ ನಮ್ಗೆಲ್ಲಿ ಅದೆ? ಅದ್ಕಾದ್ರೂ ಇರ್ಲಿ ಬುಡು!"

ಎರಡೂ ಕಂಪ್ಯೂಟರುಗಳು ಬೇರೆ ಬೇರೆ ಗುಂಪಿನ ಹೆಸರಿನಲ್ಲಿದ್ದವು. ಒಂದೇ ಹೆಸರು ಕೊಟ್ಟೆ. ಊಹೂಂ. ಆಮೇಲೆ ಗೋಡೆ ನೋಡಿದೆ. ಹಳೇ ಕಂಪ್ಯೂಟರಿನ ನೆಟ್‌ವರ್ಕ್ ನಂಬರನ್ನು ದೊಡ್ಡಪ್ಪ ಮನೆ ನಂಬರಿನಂತೆ ಬಣ್ಣದಲ್ಲಿ ಬರೆದಿದ್ದರು. ಬರೆದು, ಹೊಡೆದು ಹಾಕಿ, ಮತ್ತೆ ಬರೆದು, ಒಟ್ಟು ಒಂಬತ್ತು ನಂಬರು! ಕರೆಂಟು ಹೋಗಿ ಬಂದಾಗಲೆಲ್ಲ ಅದು ಬದಲಾಗುತ್ತಿತ್ತು. ನಮ್ಮ ಕಡೆ ಕರೆಂಟು ಎಷ್ಟು ಸಲ ಹೋಗುತ್ತದೆಂದು ನಿಮಗೆ ಗೊತ್ತಲ್ಲ? ಬದಲಾಗದ ಹಾಗೆ ಒಂದು ನಂಬರು ಕೊಟ್ಟು, ಹೊಸದರಿಂದ ಹಳೆಯದನ್ನು ಕೂಗಿಸಿ ನೋಡಿದೆ. ಅತ್ತಲಿಂದ ನಾಲ್ಕು ಸಲ ಉತ್ತರ ಬಂತು.

"ಕೂಗುದ್ರೆ ಓ ಅಂತದೆ!" ದೊಡ್ಡಪ್ಪ ಕುಣಿದಾಡಿದರು. "ಮತ್ಯಾಕ್ಲಾ ಬಾಗ್ಲು ತಗೀವಲ್ದು?"

ನನಗೂ ಕಾರಣ ತಿಳಿಯದೆ ಬಸ್ ಸ್ಟ್ಯಾಂಡ್ ಬಳಿಯ ರಿಪೇರಿಯವರನ್ನು ಕರೆಸಿದೆ. ಅವರು ಎರಡನ್ನೂ ನೋಡಿ ತೀರ್ಪು ಕೊಟ್ಟರು. "ಸಾ, ಹಳೇದು ಮಾತಾಡೋ ಭಾಷೇನ ಹೊಸದ್ರಲ್ಲಿ ನಿಲ್ಲುಸ್ಬುಟ್ಟವ್ರೆ. ಅದ್ರಲ್ಲಿ ಕಳ್ರು ನುಗ್ತಾರಂತೆ. ಹಳೇದ್ನ ಗುಜರಿಗಾಕ್ಬುಡಿ ಸಾ."

ದೊಡ್ಡಪ್ಪ ಎದ್ದು ಹೋಗಿ, ರಿಪೇರಿಯವರ ಚಪ್ಪಲಿಗಳನ್ನು ಬೀದಿಯ ಕಡೆ ಮುಖಮಾಡಿ ಜೋಡಿಸಿ ಬಂದರು!

ಅವರು ಹೋದ ಮೇಲೆ ದೊಡ್ಡಪ್ಪ ಕೇಳಿದರು. "ಕಳ್ರು ಬರೋದು ಇಂಟರ್ನೆಟ್ಟಲ್ಲಿ ತಾನೆ?"

"ಹೂಂ."

ಇಂಟರ್ನೆಟ್ಟಿನ ವೈರು ಕಿತ್ತು ಸುತ್ತಿ ಬೀರುವಿನೊಳಗಿಟ್ಟು ಬೀಗ ಹಾಕಿದರು. "ಈಗ್ ಬರ್ಲಿ ನೋಡ್ತೀನಿ. ನೀನು ಆ ಭಾಷೆ ಸುರು ಮಾಡು."

ಹೊಸದರಲ್ಲಿ ಹಳೇ ಭಾಷೆಗೆ ಟಿಕ್ ಹಾಕಿ, ಆರಿಸಿ ಹೊತ್ತಿಸಿದೆ. ಈ ಬಾರಿ ಅದು ಪಾಸ್‌ವರ್ಡ್ ಕೇಳಿತು. ಹಳೆಯದಕ್ಕೆ ಪಾಸ್‌ವರ್ಡೇ ಇರಲಿಲ್ಲ, ಖಾಲಿ ಬಿಟ್ಟರೆ ಒಳಗೆ ಬಿಡಲಿಲ್ಲ. ಬೀಗವಿಲ್ಲದ ಮನೆಗೆ ಹೋಗುವುದಿಲ್ಲವೆಂಬ ನೆಂಟರನ್ನು ಎಲ್ಲಾದರೂ ಕಂಡಿದ್ದೀರಾ? ಹಳೆಯದಕ್ಕೊಂದು ಪಾಸ್‌ವರ್ಡ್ ಹಾಕಿಸಿದೆ. ದೊಡ್ಡಪ್ಪ ನನ್ನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಒಂದೇ ಬೆರಳಿನಲ್ಲಿ ಅದನ್ನು ಎರಡೂ ಕಡೆ ಒತ್ತಿ ಬಂದರು. ಮಧ್ಯಾಹ್ನದ ಊಟ ಆರಿ ತಣ್ಣಗಾಗಿತ್ತು. ನಡುಮನೆಯ ಪರದೆಯ ಮೇಲೆ ಅಂಚುಗಳೆಲ್ಲ ಸಾಲಾಗಿ ಬಂದು ನಿಂತವು.

ನಾನು ಶಭಾಶ್ ಎನ್ನುವಷ್ಟರಲ್ಲಿ ದೊಡ್ಡಪ್ಪ ಅಡುಗೆಮನೆಯ ಕಡೆ ತಿರುಗಿ, "ಇವಳೇ, ಬಾ ಇಲ್ಲಿ" ಎಂದು ಕೂಗಿದರು.

"ನಂಗ್ಯಾಕೆ ಅದು? ನಾನ್ ಬುಟ್ಟಾಯ್ತಲ್ಲ" ಎನ್ನುತ್ತಲೇ ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದರು. ದೊಡ್ಡಪ್ಪ ನವಿಲಿನ ಅಂಚು ತೆರೆದು ಹಿಗ್ಗಿಸಿದರು. ಮತ್ತೂ ಹಿಗ್ಗಿಸಿದರು. ಒಂದೊಂದು ಚೌಕ ಬೆಲ್ಲದ ಅಚ್ಚಿನಷ್ಟಾಯಿತು. ಆಮೇಲೆ ಮಗ್ಗದ ಕೋಣೆಯ ಕಡೆ ಹೊರಟುಹೋದರು.

ದೊಡ್ಡವ್ವ ನಿಂತೇ ನೋಡಿದರು. ಮೆಲ್ಲಗೆ ಕುರ್ಚಿಯ ಮೇಲೆ ಕೂತರು.

"ಅಯ್ಯೋ ಶಿವನೇ! ಈ ನವುಲ್ ಕಣ್ಣು ಒಂದ್ ಚೌಕ ಆಚ್ಗೋಗ್ಬುಟ್ಟದಲ್ಲೋ ಮಗಾ! ನಂಗೆ ಕಂಡೇ ಇಲ್ವಲ್ಲ!"

ನನ್ನ ಹೆಂಡತಿಯ ಮದುವೆ ಸೀರೆಯ ತುಂಬ ಇದೇ ನವಿಲು, ಮೆಳ್ಳೆಗಣ್ಣಿನದು. ಆದರೆ ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ದೊಡ್ಡವ್ವನಿಗೆ ಬೇಜಾರಾಗಿರಲಿಲ್ಲ. ಚೌಕಗಳು ಕಾಣುತ್ತಿರಲಿಲ್ಲ. ಅದನ್ನವರು ಯಾರಿಗೂ ಹೇಳಿರಲಿಲ್ಲ, ಹಬ್ಬಹಬ್ಬಕ್ಕೂ ಬಂದು ಉಂಡು ಹೋಗುತ್ತಿದ್ದ ನಾನು ಒಮ್ಮೆಯೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ದೊಡ್ಡವ್ವ ಮೌಸ್ ಹಿಡಿದು ಕಣ್ಣನ್ನು ಒಂದು ಚೌಕ ಈಚೆಗೆ ತಂದು ಸೇವ್ ಒತ್ತಿದರು. ಮಗ್ಗದ ಕೋಣೆಯಲ್ಲಿ ಹಳೇ ಕಂಪ್ಯೂಟರಿನ ಮುಂದೆ ಕಾದು ಕೂತಿದ್ದ ದೊಡ್ಡಪ್ಪನ ದನಿ ಮನೆಯೆಲ್ಲ ಕೇಳಿಸಿತು.

"ಬಂತು ಕಣೇ! ಸರ್ಯಾಗ್ ಕೂತ್ಕತು!"

ದೊಡ್ಡವ್ವ ಪರದೆಯಿಂದ ಮುಖ ತಿರುಗಿಸದೆ ಕೇಳಿದರು. "ನಾನ್ ಯಾರ್ಗೂ ಯೋಳೇ ಇಲ್ವಲ್ಲ ಮಗಾ. ಇವ್ರಿಗೆಂಗ್ ಗೊತ್ತಾಯ್ತು?"

ಉತ್ತರಕ್ಕೆ ಕಾಯದೆ ಕಣ್ಣೊರೆಸಿಕೊಂಡು ನವಿಲಿನ ಕೊಕ್ಕನ್ನು ಒಂದು ಚೌಕ ಉದ್ದ ಮಾಡಿದರು.

"ಅದೂ ಬಂತು!" ಎಂದಿತು ಮಗ್ಗದ ಕೋಣೆ.